ದೊಡ್ಡ ಶಾಲೆಯೊಳಗೊಂದು ಚಿಕ್ಕ ಬಳಗ

ಆರೋಗ್ಯವೆಂದೊಡನೆ ಸಾಮಾನ್ಯವಾಗಿ ನೆನಪಾಗುವುದು ಆಹಾರ, ವ್ಯಾಯಾಮ, ಔಷಧಿ. ಪ್ರಾಯಕ್ಕೆ ಬರುತ್ತಿರುವ ಮಕ್ಕಳ ವಿಷಯದಲ್ಲಿ ಈ ಪಟ್ಟಿಗೆ ಇನ್ನೊಂದನ್ನು ಸೇರಿಸಬೇಕಾಗುತ್ತದೆ, ಅದೇ ಶಾಲೆ. ಅಲ್ಲಿ ತನ್ನನ್ನು ಹೆಸರು ಹಿಡಿದು ಕರೆಯುವ, ಮುಖ ಬಾಡಿದರೆ ಏಕೆಂದು ಕೇಳುವ ಹಿರಿಯರೊಬ್ಬರು ಇದ್ದಾರೆಯೇ ಎಂಬ ಪ್ರಶ್ನೆ ಮಗುವಿನ ಪಾಠಕ್ಕೆ ಎಷ್ಟು ಸಂಬಂಧಿಸಿದುದೋ ಅದರ ಮಾನಸಿಕ ಸ್ವಾಸ್ಥ್ಯಕ್ಕೂ ಅಷ್ಟೇ ಸಂಬಂಧಿಸಿದುದು.

ಮಹಾನಗರದ ಒಂದು ಪ್ರೌಢಶಾಲೆಯನ್ನು ಊಹಿಸಿಕೊಳ್ಳಬಹುದು. ವಿಭಾಗವೊಂದಕ್ಕೆ 40 ಮಕ್ಕಳು. ಗಣಿತದ ಶಿಕ್ಷಕರಿಗೆ ಐದು ವಿಭಾಗಗಳು. ಅಂದರೆ ಅವರ ಕಣ್ಣೆದುರು 200 ಮುಖಗಳು. ಬಹು ಜಾಣನಾದವನು ಅವರ ಗಮನಕ್ಕೆ ಬರುತ್ತಾನೆ, ಬಹು ತುಂಟನಾದವನೂ ಬರುತ್ತಾನೆ. ನಡುವಿನ ಮಗು ಮಾತ್ರ ಗುಂಪಿನಲ್ಲಿ ಗೋವಿಂದ! ತಂದೆಗೆ ವರ್ಗವಾಗಿ ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ವರ್ಷದ ನಡುವೆ ಬಂದು ಸೇರಿದ, ಮನೆಯಲ್ಲೊಂದು, ಬೀದಿಯಲ್ಲೊಂದು, ತರಗತಿಯಲ್ಲೊಂದು ಭಾಷೆಯನ್ನು ಕೇಳುವ ಮಗುವಂತೂ ಈ ಜನಸಂದಣಿಯಲ್ಲಿ ಸುಲಭವಾಗಿ ಮರೆಯಾಗುತ್ತದೆ.

ದೊಡ್ಡದೇ ಒಳ್ಳೆಯದೆಂಬ ಕಾಲ

ಈ ಸಮಸ್ಯೆಯನ್ನು ಬಹು ದೊಡ್ಡ ಪ್ರಮಾಣದಲ್ಲಿ ಎದುರಿಸಿದ ದೇಶ ಅಮೆರಿಕ. ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಜೇಮ್ಸ್ ಕೊನಾಂಟ್ ಅವರು 1959ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅಂತಿಮ ತರಗತಿಯಲ್ಲಿ ನೂರು ವಿದ್ಯಾರ್ಥಿಗಳಾದರೂ ಇಲ್ಲದ ಪ್ರೌಢಶಾಲೆ ಉನ್ನತ ಗಣಿತ, ವಿಜ್ಞಾನ, ಪರಭಾಷೆಗಳನ್ನು ಸರಿಯಾಗಿ ಕಲಿಸಲಾರದೆಂದು ವಾದಿಸಿದರು. ವಾದದಲ್ಲಿ ಹುರುಳಿತ್ತು. ಆದರೆ ನಗರಗಳಲ್ಲಿ ಶಾಲೆಗಳು ನೂರರಲ್ಲಿ ನಿಲ್ಲಲಿಲ್ಲ. ಎರಡು, ಮೂರು ಸಾವಿರ ವಿದ್ಯಾರ್ಥಿಗಳ ಶಾಲೆಗಳು ಸಾಮಾನ್ಯವಾದವು.

ಇದಕ್ಕೆ ತೆರಬೇಕಾದ ಬೆಲೆಯನ್ನು ಮೊದಲು ಅಳೆದವರಲ್ಲಿ ರೋಜರ್ ಬಾರ್ಕರ್ ಮತ್ತು ಪಾಲ್ ಗಂಪ್ ಎಂಬ ಮನಶ್ಶಾಸ್ತ್ರಜ್ಞರು ಪ್ರಮುಖರು. ಕ್ಯಾನ್ಸಾಸ್ ರಾಜ್ಯದ ಪ್ರೌಢಶಾಲೆಗಳನ್ನು ಅಭ್ಯಸಿಸಿ ಅವರು 1964ರಲ್ಲಿ ಗ್ರಂಥವೊಂದನ್ನು ಹೊರತಂದರು. ದೊಡ್ಡ ಶಾಲೆಯಲ್ಲಿ ಚಟುವಟಿಕೆಗಳ ಸಂಖ್ಯೆ ಹೆಚ್ಚಾದರೂ ಅವುಗಳಲ್ಲಿ ಹೊಣೆ ಹೊರುವ ಅವಕಾಶ ಒಬ್ಬೊಬ್ಬ ವಿದ್ಯಾರ್ಥಿಗೆ ಕಡಿಮೆಯೆಂದು ಅವರು ಕಂಡುಕೊಂಡರು. ಕಾರಣ ಸರಳವಾದುದು. ನಾಟಕಕ್ಕೆ ಬೇಕಾದ ಪಾತ್ರಗಳು ಇಪ್ಪತ್ತೇ. ಚಿಕ್ಕ ಶಾಲೆಯಲ್ಲಿ ಸಂಕೋಚದ ಹುಡುಗನನ್ನೂ ಕೈಹಿಡಿದು ರಂಗಕ್ಕೆ ತರಬೇಕಾಗುತ್ತದೆ. ದೊಡ್ಡ ಶಾಲೆಯಲ್ಲಿ ಅವನು ಚಪ್ಪಾಳೆ ತಟ್ಟುವವರ ಸಾಲಿನಲ್ಲಿ ಉಳಿಯುತ್ತಾನೆ.

ಒಡೆಯುವ ಬಗೆ

ದೊಡ್ಡ ಕಟ್ಟಡವನ್ನು ಕೆಡವದೆ ಅದರೊಳಗೇ ಚಿಕ್ಕ ಬಳಗಗಳನ್ನು ರಚಿಸಬಹುದೆಂಬ ವಿಚಾರ 1980ರ ದಶಕದಿಂದೀಚೆಗೆ ಬಲಗೊಂಡಿತು. 1984ರಲ್ಲಿ ಥಿಯೊಡೋರ್ ಸೈಜರ್ ಅವರು ಆರಂಭಿಸಿದ ಶಾಲಾ ಒಕ್ಕೂಟವು, ಪ್ರೌಢಶಾಲೆಯ ಒಬ್ಬ ಶಿಕ್ಷಕನ ಹೊಣೆ 80 ವಿದ್ಯಾರ್ಥಿಗಳನ್ನು ಮೀರಬಾರದೆಂಬ ಗುರಿಯನ್ನಿಟ್ಟುಕೊಂಡಿತು. ಮರುವರ್ಷ ನ್ಯೂಯಾರ್ಕಿನ ಬಡವರ ಬಡಾವಣೆಯಾದ ಪೂರ್ವ ಹಾರ್ಲೆಮ್‌ನಲ್ಲಿ ಡೆಬೊರಾ ಮೈಯರ್ ಅವರು ತೆರೆದ ಪ್ರೌಢಶಾಲೆಯಲ್ಲಿ ಮಕ್ಕಳು ಎರಡೆರಡು ವರ್ಷ ಅದೇ ಶಿಕ್ಷಕರ ಬಳಿ ಕಲಿಯುತ್ತಿದ್ದರು. ಸುಮಾರು ಹದಿನೈದು ಮಕ್ಕಳಿಗೆ ಒಬ್ಬರು ಸಲಹೆಗಾರ ಶಿಕ್ಷಕರಿದ್ದರು.

ಈ ವ್ಯವಸ್ಥೆಯ ಅಂಗಗಳು ಮುಖ್ಯವಾಗಿ ನಾಲ್ಕು. ಎರಡು ಸಾವಿರ ಮಕ್ಕಳನ್ನು ಮುನ್ನೂರು, ನಾಲ್ಕುನೂರರ ಬಳಗಗಳಾಗಿ ವಿಂಗಡಿಸುವುದು ಮೊದಲನೆಯದು. ಬಳಗವೊಂದರ ಮಕ್ಕಳಿಗೆ ಗಣಿತ, ವಿಜ್ಞಾನ, ಭಾಷೆ, ಸಮಾಜ ವಿಷಯಗಳನ್ನು ಅದೇ ಶಿಕ್ಷಕರ ತಂಡ ಕಲಿಸುವುದು ಎರಡನೆಯದು. ಆ ತಂಡ ವೇಳಾಪಟ್ಟಿಯಲ್ಲೇ ಗೊತ್ತುಪಡಿಸಿದ ಒಂದು ಅವಧಿಯಲ್ಲಿ ಕೂಡಿ ಕುಳಿತು, ಯಾವ ಮಗು ಹಿಂದೆ ಬಿದ್ದಿದೆ, ಯಾವುದು ಪದೇ ಪದೇ ಗೈರುಹಾಜರಾಗುತ್ತಿದೆ ಎಂದು ವಿಚಾರ ಮಾಡುವುದು ಮೂರನೆಯದು. ಪ್ರತಿಯೊಂದು ಮಗುವಿಗೂ ಹಲವು ವರ್ಷ ಬದಲಾಗದ ಸಲಹೆಗಾರ ಶಿಕ್ಷಕರೊಬ್ಬರಿರುವುದು ನಾಲ್ಕನೆಯದು. ಪ್ರಯೋಗಾಲಯ, ಗ್ರಂಥಾಲಯ, ಮೈದಾನಗಳು ಎಲ್ಲ ಬಳಗಗಳಿಗೂ ಸೇರಿರುತ್ತವೆ. ಕೊನಾಂಟರು ಬಯಸಿದ ಅನುಕೂಲ ಹೀಗೆ ಕೈತಪ್ಪುವುದಿಲ್ಲ.

ವೈದ್ಯಶಾಸ್ತ್ರದ ಸಾಕ್ಷ್ಯ

ಅಮೆರಿಕದ ಸುಮಾರು 12 ಸಾವಿರ ಹದಿಹರೆಯದವರನ್ನು ಸಂದರ್ಶಿಸಿ ನಡೆಸಿದ ಅಧ್ಯಯನವೊಂದು 1997ರಲ್ಲಿ ಆ ದೇಶದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಮನೆಯವರೊಡನೆ ಆಪ್ತತೆಯುಳ್ಳ, ಶಾಲೆ ತನ್ನದೆಂಬ ಭಾವನೆಯುಳ್ಳ ಮಕ್ಕಳಲ್ಲಿ ಮನೋವೇದನೆ, ಆತ್ಮಹತ್ಯೆಯ ಯೋಚನೆ, ಹಿಂಸಾಚಾರ, ಮಾದಕ ವಸ್ತುಗಳ ಸೇವನೆ ಕಡಿಮೆಯೆಂದು ಅದರಿಂದ ತಿಳಿದುಬಂದಿತು. ಅದೇ ಸಮೀಕ್ಷೆಯನ್ನು ಆಧರಿಸಿ 2002ರಲ್ಲಿ ಪ್ರಕಟವಾದ ಇನ್ನೊಂದು ಲೇಖನವು, ಶಾಲೆ ದೊಡ್ಡದಾದಂತೆ ಈ 'ತನ್ನದೆಂಬ ಭಾವನೆ' ಸ್ವಲ್ಪಮಟ್ಟಿಗೆ ಕುಗ್ಗುವುದನ್ನು ತೋರಿಸಿತು. ಮಗುವಿಗೆ ಆಸರೆಯಾಗುವುದು ಬಾಂಧವ್ಯವೆಂಬುದು ಈ ಎರಡರಿಂದಲೂ ಸ್ಪಷ್ಟವಾಗುತ್ತದೆ.

ಎರಡು ನಗರಗಳ ಪಾಠ

1999ರಲ್ಲಿ ಕೊಲಂಬೈನ್ ಪ್ರೌಢಶಾಲೆಯಲ್ಲಿ ನಡೆದ ಗುಂಡಿನ ದಾಳಿಯ ಅನಂತರ ದೊಡ್ಡ ಶಾಲೆಗಳ ಅನಾಮಿಕತೆ ಅಮೆರಿಕದಲ್ಲಿ ತೀವ್ರ ಚರ್ಚೆಗೆ ಒಳಗಾಯಿತು. 2000ದಿಂದ ಕೇಂದ್ರ ಸರಕಾರವು ಸಾವಿರ ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಪ್ರೌಢಶಾಲೆಗಳಿಗೆ ಈ ವಿಂಗಡಣೆಗಾಗಿ ಅನುದಾನ ಕೊಡತೊಡಗಿತು. ಗೇಟ್ಸ್ ಪ್ರತಿಷ್ಠಾನವೂ ಅಪಾರ ಹಣವನ್ನು ಸುರಿಯಿತು.

ಫಲ ಎಲ್ಲೆಡೆ ಒಂದೇ ಬಗೆಯದಾಗಲಿಲ್ಲ. ಡೆನ್ವರ್ ನಗರದ ಮ್ಯಾನ್ಯುಅಲ್ ಪ್ರೌಢಶಾಲೆಯನ್ನು 2001ರಲ್ಲಿ ಮೂರು ಶಾಲೆಗಳಾಗಿ ಒಡೆಯಲಾಯಿತು. ಮಕ್ಕಳ ಸಂಖ್ಯೆ ಇಳಿಯುತ್ತ ಹೋಗಿ, 2006ರಲ್ಲಿ ಅದನ್ನು ಮುಚ್ಚಬೇಕಾಯಿತು. ಮರುವರ್ಷ ಅದು ಮತ್ತೆ ಒಂದೇ ಶಾಲೆಯಾಗಿ ತೆರೆಯಿತು. ತಮ್ಮ ನೆರವು ಪಡೆದ ಅನೇಕ ಚಿಕ್ಕ ಶಾಲೆಗಳಲ್ಲಿ ಕಲಿಕೆ ಗಣನೀಯವಾಗಿ ಸುಧಾರಿಸಲಿಲ್ಲವೆಂದು ಬಿಲ್ ಗೇಟ್ಸ್ ಅವರೇ 2009ರ ವಾರ್ಷಿಕ ಪತ್ರದಲ್ಲಿ ಒಪ್ಪಿಕೊಂಡರು.

ನ್ಯೂಯಾರ್ಕಿನ ಕಥೆ ಬೇರೆ. ಅಲ್ಲಿ 2002ರಿಂದ 2008ರವರೆಗೆ ನೂರಕ್ಕೂ ಹೆಚ್ಚು ಚಿಕ್ಕ ಪ್ರೌಢಶಾಲೆಗಳು ಹುಟ್ಟಿಕೊಂಡವು. ಅವುಗಳಲ್ಲಿ ಲಾಟರಿಯ ಮೂಲಕ ಪ್ರವೇಶ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಿದಾಗ, ಪ್ರವೇಶ ಪಡೆದವರಲ್ಲಿ ಪ್ರೌಢಶಾಲೆ ಮುಗಿಸಿದವರ ಪ್ರಮಾಣ ಶೇಕಡಾ 9 ಅಂಶಗಳಷ್ಟು ಹೆಚ್ಚಾಗಿತ್ತು. ಅವು ಹಳೆಯ ಶಾಲೆಯ ತುಂಡುಗಳಾಗಿರಲಿಲ್ಲ. ತಮ್ಮದೇ ಯೋಜನೆ, ತಮ್ಮದೇ ಶಿಕ್ಷಕವೃಂದದೊಡನೆ ವರ್ಷಕ್ಕೊಂದು ತರಗತಿಯಂತೆ ಬೆಳೆದು ಬಂದವು. ಮಡಕೆ ಬದಲಾದ ಮಾತ್ರಕ್ಕೆ ಅಡುಗೆಯ ರುಚಿ ಬದಲಾಗುವುದಿಲ್ಲ. ನಾಮಫಲಕ ಬದಲಾದ ಮಾತ್ರಕ್ಕೆ ಬಳಗ ಹುಟ್ಟುವುದಿಲ್ಲ.

ಇನ್ನೊಂದು ಅಪಾಯವೂ ಉಂಟು. ಜಾಣರಿಗೊಂದು ಬಳಗ, ದಡ್ಡರೆನಿಸಿಕೊಂಡವರಿಗೊಂದು ಬಳಗ ಎಂದಾದರೆ ಶಾಲೆಯೊಳಗೇ ಹೊಸ ಜಾತಿಪದ್ಧತಿ ಆರಂಭವಾದಂತೆ. ಎಲ್ಲ ಮಟ್ಟದ ಮಕ್ಕಳೂ ಎಲ್ಲ ಬಳಗಗಳಲ್ಲಿ ಬೆರೆತಿರಬೇಕು.

ಇಲ್ಲಿ ಸಾಧ್ಯವೇ?

ಭಾರತದ ಶಾಲೆಗಳಿಗೆ ಇದರ ಬೀಜ ಅಪರಿಚಿತವೇನಲ್ಲ. ಆಂಗ್ಲ ವಸತಿಶಾಲೆಗಳಿಂದ ಬಂದ 'ಹೌಸ್' ಪದ್ಧತಿ ಇಲ್ಲಿ ಬಹುಕಾಲದಿಂದ ಇದೆ. ವರ್ಗಾವಣೆಯ ನೌಕರಿಯಲ್ಲಿರುವವರ ಮಕ್ಕಳೆಲ್ಲ ಕೇಂದ್ರೀಯ ವಿದ್ಯಾಲಯಗಳ ಶಿವಾಜಿ, ಟಾಗೋರ್, ಅಶೋಕ, ರಾಮನ್ ಹೌಸುಗಳನ್ನು ಬಲ್ಲರು. ಆದರೆ ಅನೇಕ ಶಾಲೆಗಳಲ್ಲಿ ಹೌಸ್ ಎಂದರೆ ಕ್ರೀಡಾದಿನದ ಅಂಗಿಯ ಬಣ್ಣ ಮಾತ್ರ. ಆ ಬಣ್ಣದ ಹಿಂದೆ ಒಂದು ಶಿಕ್ಷಕರ ತಂಡವನ್ನೂ, ವಾರಕ್ಕೊಂದು ಮಾತುಕತೆಯ ಅವಧಿಯನ್ನೂ ಸೇರಿಸಲು ಹೊಸ ಕಟ್ಟಡ ಬೇಕಿಲ್ಲ. ವೇಳಾಪಟ್ಟಿಯನ್ನು ಬದಲಿಸುವ ಮನಸ್ಸು ಬೇಕು.

ಪಾಲಕರು ಕೇಳಬೇಕಾದುದು

ಶಾಲೆಯಲ್ಲಿ ನಡೆಯುವ ಪಾಲಕರ ಸಭೆಯಲ್ಲಿ ಅಂಕಗಳ ವಿಚಾರವಾದ ಬಳಿಕ ಮೂರು ಪ್ರಶ್ನೆಗಳನ್ನು ಕೇಳುವುದು ಒಳಿತು.

1. ಮಗು ಮೂರು ದಿನ ಬಾರದಿದ್ದರೆ ಅದನ್ನು ಗಮನಿಸಿ ವಿಚಾರಿಸುವ ಹೊಣೆ ಯಾರದು?

2. ಮಗುವಿಗೆ ಕಲಿಸುವ ಶಿಕ್ಷಕರು ಒಟ್ಟಿಗೆ ಕುಳಿತು ಅದರ ವಿಷಯ ಮಾತನಾಡುವ ಸಮಯ ಯಾವುದು?

3. ಮುಂದಿನ ವರ್ಷವೂ ಮಗುವನ್ನು ಬಲ್ಲ ಶಿಕ್ಷಕರು ಒಬ್ಬರಾದರೂ ಅದರ ಜೊತೆಗಿರುತ್ತಾರೆಯೇ?

ಮನೆಯಲ್ಲಿ ಮಗುವನ್ನು ಕೇಳಬೇಕಾದ ಪ್ರಶ್ನೆಯೂ ಒಂದಿದೆ: "ಶಾಲೆಯಲ್ಲಿ ನಿನಗೆ ತೊಂದರೆಯಾದರೆ ಯಾರ ಬಳಿಗೆ ಹೋಗುತ್ತೀ?" ಮಗು ತಡವರಿಸದೆ ಒಬ್ಬರ ಹೆಸರನ್ನು ಹೇಳಿದರೆ, ಶಾಲೆ ಎಷ್ಟೇ ದೊಡ್ಡದಿರಲಿ, ಚಿಂತೆ ಅರ್ಧ ಕಳೆದಂತೆ. ಹೆಸರು ಬಾಯಿಗೆ ಬಾರದಿದ್ದರೆ ಶಾಲೆಯೊಡನೆ ಮಾತನಾಡುವ ಕಾಲ ಬಂದಿದೆಯೆಂದೇ ತಿಳಿಯಬೇಕು.