ತಿಂಗಳ ಕೊನೆಯ ಒಂದು ಪುಟ

ಸ್ವಂತ ಬದುಕಿಗೆ ಹಾಕಿಕೊಂಡ ಗುರಿಗಳ ದಾರಿಯಲ್ಲಿ ಎಷ್ಟು ದೂರ ಬಂದಾಯಿತು ಎಂದು ತಿಂಗಳಿಗೊಮ್ಮೆ ಕೂತು, ಬರೆದು ನೋಡುವುದಕ್ಕೆ ಮಾಸಿಕ ಅವಲೋಕನ ಎನ್ನುತ್ತಾರೆ. ಹೆಸರು ಹೊಸದು, ಕ್ರಮ ಹಳೆಯದು. ಅಡುಗೆಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ನಡೆಯುವುದು ಹೀಗೆಯೇ. ಹಾಲು ಬಾರದ ದಿನಕ್ಕೆ, ಹೆಚ್ಚು ತೆಗೆದುಕೊಂಡ ದಿನಕ್ಕೆ ಒಂದೊಂದು ಗುರುತು, ತಿಂಗಳಾದ ಮೇಲೆ ಕೂಡಿಕೆ. ಹಾಲಿನ ವಿಷಯದಲ್ಲಿ ಯಾರೂ ಬರೀ ನೆನಪನ್ನು ನಂಬುವುದಿಲ್ಲ. ಆರೋಗ್ಯ, ಓದು, ಉಳಿತಾಯ, ಮನೆಯವರ ಜೊತೆ ಕಳೆಯುವ ಹೊತ್ತು ಎಂದಾಗ ಮಾತ್ರ ಹೆಚ್ಚಿನವರು ನೆನಪನ್ನೇ ಆಧರಿಸುತ್ತಾರೆ. ಎರಡು ದಿನ ನಡೆದಾಡಿ ಬಂದವರಿಗೆ ವಾರವಿಡೀ ನಡೆದಂತೆ ಅನ್ನಿಸುತ್ತದೆ.

ಇಂಥ ಲೆಕ್ಕವನ್ನು ಬದುಕಿಗೇ ಅನ್ವಯಿಸಿದವರಲ್ಲಿ ಅಮೆರಿಕದ ಮುದ್ರಕ, ವಿಜ್ಞಾನಿ, ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ (1706–1790) ಪ್ರಸಿದ್ಧ. ಯೌವನದಲ್ಲಿ ಆತ ಮಿತಾಹಾರ, ಮೌನ, ಅಚ್ಚುಕಟ್ಟು, ಮಿತವ್ಯಯ, ಶ್ರಮ ಮೊದಲಾದ ಗುಣಗಳನ್ನು ಪಟ್ಟಿ ಮಾಡಿಕೊಂಡ. ಪರಿಚಯದ ಕ್ವೇಕರ್ ಪಂಥದವರೊಬ್ಬರು ಆತನಿಗೆ ಅಹಂಕಾರ ಹೆಚ್ಚೆಂದು ಎತ್ತಿ ಹೇಳಿದ ಮೇಲೆ ವಿನಯವೂ ಸೇರಿ ಪಟ್ಟಿ 13ಕ್ಕೆ ನಿಂತಿತು. ಒಂದು ಪುಟ್ಟ ಪುಸ್ತಕದಲ್ಲಿ ಕೆಂಪು ಶಾಯಿಯ ಗೆರೆ ಎಳೆದು ವಾರದ ಏಳು ದಿನಕ್ಕೆ ಏಳು ಕಂಬಸಾಲು, ಗುಣಗಳಿಗೆ 13 ಅಡ್ಡಸಾಲು ಮಾಡಿದ. ತಪ್ಪಿದಾಗಲೆಲ್ಲ ಆ ದಿನದ ಮನೆಯಲ್ಲಿ ಒಂದು ಕಪ್ಪು ಚುಕ್ಕೆ. ವಾರಕ್ಕೆ ಒಂದೇ ಗುಣದ ಮೇಲೆ ಹೆಚ್ಚಿನ ಗಮನ, 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಕಾಗದ ತೂತುಬಿದ್ದಾಗ, ಒದ್ದೆ ಸ್ಪಂಜಿನಿಂದ ಒರೆಸಬಹುದಾದ ದಂತದ ಹಾಳೆಗಳಿಗೆ ಆ ಕೋಷ್ಟಕವನ್ನು ವರ್ಗಾಯಿಸಿಕೊಂಡ.

ಫ್ರಾಂಕ್ಲಿನ್ ಎಲ್ಲದರಲ್ಲೂ ಗೆಲ್ಲಲಿಲ್ಲ. ವಸ್ತುಗಳನ್ನೂ ವೇಳೆಯನ್ನೂ ಅಚ್ಚುಕಟ್ಟಾಗಿ ಇಟ್ಟುಕೊಳ್ಳುವುದು ಆತನಿಗೆ ಕೊನೆಯವರೆಗೂ ಒಗ್ಗಲಿಲ್ಲ. 1784ರಲ್ಲಿ, 78ರ ವಯಸ್ಸಿನಲ್ಲಿ, ಪ್ಯಾರಿಸ್ ಹತ್ತಿರದ ಪಾಸಿಯಲ್ಲಿ ಆತ್ಮಕಥೆಯ ಈ ಭಾಗವನ್ನು ಬರೆಯುವಾಗ ಅದನ್ನು ಮುಚ್ಚಿಡದೆ ಹೇಳಿಕೊಂಡಿದ್ದಾನೆ. ಬಯಸಿದ ಪರಿಪೂರ್ಣತೆ ಕೈಗೆ ಸಿಗಲಿಲ್ಲ, ಆದರೂ ಆ ಪ್ರಯತ್ನವಿಲ್ಲದಿದ್ದರೆ ಇಷ್ಟು ಒಳ್ಳೆಯವನೂ ಸುಖಿಯೂ ಆಗುತ್ತಿರಲಿಲ್ಲ ಎಂಬುದು ಆತನ ಅಭಿಪ್ರಾಯ. ತನ್ನಲ್ಲಿ ತಾನು ಎಣಿಸಿದ್ದಕ್ಕಿಂತ ಹೆಚ್ಚು ದೋಷಗಳಿದ್ದವೆಂದು ಆತನಿಗೆ ತಿಳಿದದ್ದೂ, ಅವು ಕಡಿಮೆಯಾಗುವುದನ್ನು ಕಂಡು ಸಮಾಧಾನವಾದದ್ದೂ ಆ ಚುಕ್ಕೆಗಳಿಂದಲೇ.

ಬರೆದಿಡುವುದಕ್ಕೆ ನಿಜವಾಗಿ ಬಲವಿದೆಯೇ ಎಂಬುದನ್ನು ಮನೋವಿಜ್ಞಾನಿಗಳು ಪರೀಕ್ಷಿಸಿದ್ದಾರೆ. 138 ಅಧ್ಯಯನಗಳ, ಸುಮಾರು 20,000 ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2016ರಲ್ಲಿ ಪ್ರಕಟವಾಯಿತು. ಪ್ರಗತಿಯನ್ನು ಆಗಾಗ ಗಮನಿಸುವಂತೆ ಮಾಡಿದಾಗ ಗುರಿ ಮುಟ್ಟುವ ಸಾಧ್ಯತೆ ಹೆಚ್ಚುತ್ತದೆ, ಅದನ್ನು ಬರೆದಿಟ್ಟಾಗ ಅಥವಾ ಇನ್ನೊಬ್ಬರ ಮುಂದೆ ಹೇಳಿದಾಗ ಪರಿಣಾಮ ಇನ್ನೂ ಹೆಚ್ಚು ಎಂದು ಅದು ತೋರಿಸಿತು. ಹಾಗಿದ್ದೂ ಜನ ನೋಡಲು ಹಿಂಜರಿಯುತ್ತಾರೆ. ತೂಕ ಏರಿದೆಯೆಂದು ಅನುಮಾನವಿದ್ದವರು ತಕ್ಕಡಿಯ ಹತ್ತಿರ ಸುಳಿಯುವುದಿಲ್ಲ, ಖರ್ಚು ಮಿತಿಮೀರಿದವರು ಪಾಸ್‌ಬುಕ್ ತೆರೆಯುವುದಿಲ್ಲ. ತಿಂಗಳ ಪುಟದ ಮೊದಲ ಉಪಯೋಗವೆಂದರೆ, ಮನಸ್ಸು ತಪ್ಪಿಸಿಕೊಳ್ಳಲು ನೋಡುವ ಸಂಗತಿಯನ್ನು ಒಂದು ಗೊತ್ತಾದ ದಿನ ಕಣ್ಣಮುಂದೆ ತಂದು ನಿಲ್ಲಿಸುವುದು.

ಅವಧಿ ತಿಂಗಳೇ ಏಕೆ ಎಂಬುದಕ್ಕೂ ಕಾರಣಗಳಿವೆ. ವಾರದಲ್ಲಿ ಒಂದು ಮದುವೆ, ಒಂದು ಜ್ವರ ಬಂದರೂ ಲೆಕ್ಕ ಏರುಪೇರಾಗುತ್ತದೆ. ವರ್ಷ ಕಾದರೆ ತಿದ್ದಿಕೊಳ್ಳಲು ಹೊತ್ತು ಉಳಿಯುವುದಿಲ್ಲ. ಸಂಬಳ, ಬಾಡಿಗೆ, ಕಂತು, ಶಾಲೆಯ ಪರೀಕ್ಷೆ, ಹುಣ್ಣಿಮೆ ಅಮಾವಾಸ್ಯೆಗಳ ವ್ರತ ಎಲ್ಲವೂ ತಿಂಗಳ ಅಳತೆಯಲ್ಲೇ ಬರುವುದರಿಂದ ಮನೆಯ ಬದುಕು ಆಗಲೇ ಈ ಲಯಕ್ಕೆ ಹೊಂದಿಕೊಂಡಿರುತ್ತದೆ. ತಿಂಗಳ ಆರಂಭದಂಥ ಹೊಸ ತಿರುವಿನಲ್ಲಿ ಜನ ವ್ಯಾಯಾಮದ ಕಡೆಗೆ ಹೆಚ್ಚು ಮುಖಮಾಡುತ್ತಾರೆ ಎಂಬುದು 2014ರ ಒಂದು ಅಧ್ಯಯನದಲ್ಲಿ ಕಂಡುಬಂದಿದೆ. ಆದರೆ ಒಂದೇ ತಿಂಗಳಲ್ಲಿ ಅಭ್ಯಾಸ ಕುದುರಬೇಕೆಂದು ನಿರೀಕ್ಷಿಸುವುದು ತಪ್ಪು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು 12 ವಾರ ಗಮನಿಸಿದಾಗ, ಹೊಸ ರೂಢಿ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಮಧ್ಯಮ ಲೆಕ್ಕದಲ್ಲಿ 66 ದಿನ ಹಿಡಿದಿತ್ತು. ಕೆಲವರಿಗೆ 18 ದಿನ ಸಾಕಾಗಿತ್ತು, ಇನ್ನು ಕೆಲವರಿಗೆ 254 ದಿನ ಬೇಕಾದೀತೆಂಬ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಿರಲಿಲ್ಲ.

ಪುಟ ಹೇಗಿರಬೇಕು ಎಂಬುದಕ್ಕೆ ಜಪಾನಿನ ಗೃಹಿಣಿಯರ ಲೆಕ್ಕಪುಸ್ತಕ ಕಾಕೆಬೊ ಒಳ್ಳೆಯ ಮಾದರಿ. ಪತ್ರಕರ್ತೆ ಹಾನಿ ಮೊತೊಕೊ 1904ರಲ್ಲಿ ಅದನ್ನು ಅಚ್ಚುಹಾಕಿಸಿದಳು, ಇಂದಿಗೂ ಅದು ಪ್ರಕಟವಾಗುತ್ತಿದೆ. ತಿಂಗಳ ಮೊದಲೇ ಬಾಬ್ತುವಾರು ಹಣ ಗೊತ್ತುಮಾಡಿ, ದಿನದಿನದ ಖರ್ಚು ಕೈಯಿಂದ ಬರೆದು, ಕೊನೆಗೆ ಎರಡನ್ನೂ ಹೋಲಿಸುವುದು ಅದರ ತಿರುಳು. ಹಣದ ಬದಲು ಗುರಿಗಳನ್ನಿಟ್ಟರೆ ಅದೇ ಮಾಸಿಕ ಅವಲೋಕನ. ಗುರಿಯನ್ನು ಬರೆಯುವಾಗ ಅಳತೆಗೆ ಸಿಗುವಂತೆ ಬರೆಯಬೇಕು. ಆದಷ್ಟು ಮಾಡು ಎನ್ನುವುದಕ್ಕಿಂತ ಖಚಿತವಾದ, ತುಸು ಕಷ್ಟದ ಗುರಿ ಹೆಚ್ಚು ಕೆಲಸ ಮಾಡಿಸುತ್ತದೆ ಎಂದು ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ದಶಕಗಳ ಸಂಶೋಧನೆಯಿಂದ ತೋರಿಸಿದರು. ಹೆಚ್ಚು ಓದಬೇಕು ಎಂಬುದಕ್ಕಿಂತ ರಾತ್ರಿ ಊಟವಾದ ಮೇಲೆ ಹತ್ತು ಪುಟ ಎಂಬುದು ಮೇಲು. ಕೊನೆಗೆ ಎಷ್ಟಾಯಿತು, ಯಾವುದು ಅಡ್ಡಬಂತು, ಬರುವ ತಿಂಗಳು ಏನನ್ನು ಬದಲಿಸಬೇಕು ಎಂದು ನಾಲ್ಕು ಸಾಲು ಬರೆಯಬೇಕು. ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದ ಪುಟ ಬರೀ ಅಂಕಪಟ್ಟಿಯಾಗಿ ಉಳಿಯುತ್ತದೆ.

ತುಂಬು ಬದುಕಿನ ಎಲ್ಲವೂ ಎಣಿಕೆಗೆ ಸಿಗುವುದಿಲ್ಲ. ಊರಲ್ಲಿರುವ ತಾಯಿಗೆ ವಾರಕ್ಕೆರಡು ಸಲ ಫೋನ್ ಮಾಡಿದ್ದನ್ನು ಗುರುತು ಹಾಕಬಹುದು, ಆ ಮಾತುಕತೆಯಲ್ಲಿ ಆಕೆ ನಕ್ಕಿದ್ದನ್ನು ಹಾಕಲಾಗದು. ಅಳತೆಯನ್ನೇ ಗುರಿಯಾಗಿಸಿಕೊಂಡರೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಎಂಬ, ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹೆಸರಿನಲ್ಲಿರುವ ನಿಯಮ ಮನೆಗೂ ಅನ್ವಯಿಸುತ್ತದೆ. ಪುಸ್ತಕಗಳ ಸಂಖ್ಯೆಯ ಬೆನ್ನು ಹತ್ತಿದವರು ದಪ್ಪ ಪುಸ್ತಕಗಳನ್ನು ಬಿಟ್ಟು ತೆಳುವಾದವನ್ನೇ ಆರಿಸುತ್ತಾರೆ. ಹಾಗಾಗಿ ಅಂಕಿಗಳ ಪಕ್ಕದಲ್ಲಿ ಆ ತಿಂಗಳು ಮನಸ್ಸಿಗೆ ತೃಪ್ತಿ ತಂದದ್ದು ಯಾವುದು ಎಂಬ ಒಂದು ಸಾಲೂ ಇರಬೇಕು.

ಹೊಸದಾಗಿ ಆರಂಭಿಸುವವರಿಗೆ ಮೂರು ಗುರಿ, ಒಂದು ನೋಟ್‌ಬುಕ್, ತಿಂಗಳ ಕೊನೆಯ ಭಾನುವಾರದ ಅರ್ಧ ಗಂಟೆ ಸಾಕು. ಏನೂ ಆಗದೆ ಹೋದ ತಿಂಗಳ ಹಾಳೆಯನ್ನು ದಯವಿಟ್ಟು ಹರಿಯಬೇಡಿ. ಆ ತಿಂಗಳು ಮನೆಯಲ್ಲಿ ಕಾಯಿಲೆಯಿತ್ತೋ, ಕಚೇರಿಯಲ್ಲಿ ಕೆಲಸ ಮಿತಿಮೀರಿತ್ತೋ, ಗುರಿಯೇ ಬೇಡವಾಗಿತ್ತೋ ಎಂದು ಒಂದು ಸಾಲು ಬರೆದು ಅದನ್ನು ಹಾಗೆಯೇ ಉಳಿಸಿಕೊಳ್ಳಿ.