ಗೋದಾಮು ಹಸಿರಾಗಬೇಕಾದರೆ ಮೊದಲು ಗಟ್ಟಿಯಾಗಬೇಕು

ಮಡಗಾಂವ್: ಮುಂದೆ ಆಫೀಸು, ಹಿಂದೆ ತಗಡಿನ ಗೋದಾಮು. ವೆರ್ಣಾ ಕೈಗಾರಿಕಾ ವಸಾಹತಿನ ಕಡೆ ಹೋದರೆ ಇಂಥ ಕಟ್ಟಡಗಳು ಕಾಣಸಿಗುತ್ತವೆ. ಗೋವಾದಲ್ಲಿ ಕಂಬಿ ಕಟ್ಟುವ, ಸ್ಲ್ಯಾಬ್ ಹಾಕುವ ಕೆಲಸದಲ್ಲಿ ವಿಜಾಪುರ, ಬಾಗಲಕೋಟೆ, ಗದಗ, ಕೊಪ್ಪಳ ಕಡೆಯ ಗೌಂಡಿಗಳು, ಕೂಲಿಕಾರರು ಬಹಳ. ಈಗ ಕಟ್ಟಿಸುವವರ ಬಾಯಲ್ಲಿ 'ಹಸಿರು ಕಟ್ಟಡ'ದ್ದೇ ಮಾತು. ಮೇಲೆ ಸೋಲಾರ್ ಹಾಕಿ, ಸುತ್ತ ನಾಲ್ಕು ಗಿಡ ನೆಟ್ಟರೆ ಆಯ್ತಲ್ಲ ಎನ್ನುವವರಿದ್ದಾರೆ. ಅಷ್ಟಕ್ಕೇ ಆಗುವುದಿಲ್ಲ.

ಜಗತ್ತಿನ ಇಂಗಾಲದ ಹೊಗೆಯಲ್ಲಿ ಶೇ 7-8ರಷ್ಟು ಸಿಮೆಂಟ್ ತಯಾರಿಕೆಯದ್ದೇ. 50 ವರ್ಷ ಬಾಳಬೇಕಾದ ಕಟ್ಟಡವನ್ನು 20 ವರ್ಷಕ್ಕೇ ಕೆಡವಿದರೆ ಸಿಮೆಂಟು, ಉಕ್ಕು ಎಲ್ಲ ಮತ್ತೆ ಬೇಕು. ಬಾಳಿಕೆ ಬರುವ ಕಟ್ಟಡವೇ ನಿಜವಾದ ಹಸಿರು ಕಟ್ಟಡ.

ನೆಲ ಎಷ್ಟು ತೂಕ ತಾಳುತ್ತೆ?

ಭಾರತೀಯ ಮಾನಕ 875ರ ಪ್ರಕಾರ ಆಫೀಸಿನ ನೆಲಕ್ಕೆ ಚದರ ಮೀಟರಿಗೆ 250ರಿಂದ 400 ಕಿಲೋ ಭಾರ ಹಿಡಿಯುತ್ತಾರೆ. ಗೋದಾಮಿಗೆ ಕನಿಷ್ಠ 750 ಕಿಲೋ. ಸರಕಿನ ರಾಶಿ ಎತ್ತರವಾದಂತೆ ಇನ್ನೂ ಹೆಚ್ಚು. ಜಾಗ ಸಾಲದೆಂದು ಮಹಡಿಯ ಆಫೀಸಿನಲ್ಲಿ ಚೀಲ ಒಟ್ಟಿದರೆ ಗಂಡಾಂತರ ಖಂಡಿತ. ಸೋಲಾರ್ ಫಲಕದ ತೂಕವನ್ನೂ ನಕ್ಷೆಯಲ್ಲೇ ಸೇರಿಸಬೇಕು.

ಗಾಳಿ, ಉಪ್ಪು

ತಗಡಿನ ಚಾವಣಿ ಹಗುರ. ಅದನ್ನು ಹೊರುವುದು ಸುಲಭ, ಗಾಳಿಗೆ ಹಾರದಂತೆ ಹಿಡಿದಿಡುವುದು ಕಷ್ಟ. ಪಣಜಿಗೆ ಲೆಕ್ಕ ಹಿಡಿಯುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಅಂದರೆ ತಾಸಿಗೆ 140 ಕಿ.ಮೀ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಗೋವಾದವರಿಗೆ ಮರೆತಿಲ್ಲ. ಅಡಿಪಾಯದ ಬೋಲ್ಟು, ಕಂಬಗಳ ನಡುವಿನ ಅಡ್ಡಪಟ್ಟಿಗಳಲ್ಲಿ ಉಳಿತಾಯ ಮಾಡಬಾರದು.

ಇನ್ನೊಂದು ಶತ್ರು ಉಪ್ಪುಗಾಳಿ. ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ, ಕಾಂಕ್ರೀಟು ಸೀಳುತ್ತದೆ. ಅದಕ್ಕೇ ಕಡಲ ಗಾಳಿಗೆ ಒಡ್ಡಿದ ಕಾಂಕ್ರೀಟಿನಲ್ಲಿ ಕಂಬಿಯ ಮೇಲೆ 45 ಮಿ.ಮೀ. ಹೊದಿಕೆ ಬೇಕೆನ್ನುತ್ತದೆ ಮಾನಕ 456. ಉಪ್ಪುನೀರಿನ ಉಸುಕು ಬೇಡ. ಹಾರುಬೂದಿ ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ ನೀರುಣಿಸಬೇಕು. 'ನಡೀತದ ಬಿಡ್ರಿ' ಎಂದು ಮೂರೇ ದಿನಕ್ಕೆ ನೀರು ನಿಲ್ಲಿಸಿದರೆ ಅದರ ಫಲ ವರ್ಷಗಳ ಮೇಲೆ ಕಾಣುತ್ತದೆ.

ಕಾಣಕೋಣದ ಪಾಠ

ಕಾರವಾರದ ಗಡಿಗೆ ತಾಗಿದ ಕಾಣಕೋಣದಲ್ಲಿ 2014ರ ಜನವರಿ 4ರಂದು ಕಟ್ಟುತ್ತಿದ್ದ ಐದು ಅಂತಸ್ತಿನ ಕಟ್ಟಡ ಕುಸಿದು 31 ಜನ ಸತ್ತರು. ಅದು ಗೋದಾಮಲ್ಲ, ವಸತಿ ಕಟ್ಟಡ. ಆದರೆ ಕಟ್ಟಡ ಬಿದ್ದರೆ ಮೊದಲು ಅಡಿಯಾಗುವುದು ಕಟ್ಟುವವನೇ, ಅದು ಯಾವ ಕಟ್ಟಡವಾದರೂ ಸರಿ.

ಆದ್ದರಿಂದ ಕೆಲಸಕ್ಕೆ ಹೋಗುವ ನಮ್ಮ ಜನ ಕೂಲಿಯ ಮಾತಿನ ಜೊತೆಗೆ ಇಷ್ಟನ್ನು ಕೇಳಬೇಕು. ಲೆಕ್ಕ ಹಾಕಿದ ಎಂಜಿನಿಯರ್ ಯಾರು? ಸೆಂಟ್ರಿಂಗ್ ಯಾವಾಗ ಬಿಚ್ಚುತ್ತೀರಿ? 4.5 ಮೀಟರಿಗಿಂತ ಅಗಲದ ಸ್ಲ್ಯಾಬಿಗೆ ಕೆಳಗಿನ ಆಸರೆ 14 ದಿನವಾದರೂ ಇರಬೇಕು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿದ್ದೀರಾ? ಕೇಳಿದರೆ ಕೆಲಸ ಹೋದೀತೆಂಬ ಅಂಜಿಕೆ ಇರುತ್ತದೆ, ನಿಜ. ಒಬ್ಬನೇ ಕೇಳುವ ಬದಲು ಹತ್ತು ಮಂದಿ ಕೂಡಿ ಕೇಳಿರಿ.