1965ರ ಡಾಡ್ಜರ್ಸ್ ತಂಡ ಮತ್ತು ಅದರ ಎಸೆಗಾರರು

ಬೇಸ್‌ಬಾಲ್ ಎಂದರೇನೆಂದು ನಮ್ಮ ಹಾಸ್ಟೆಲಿನಲ್ಲಿ ಯಾರನ್ನಾದರೂ ಕೇಳಿದರೆ "ಅದು ಅಮೆರಿಕದವರ ಕ್ರಿಕೆಟ್ಟು" ಎಂಬ ಉತ್ತರ ಸಿದ್ಧವಾಗಿರುತ್ತದೆ. ಚೆಂಡು, ದಾಂಡು, ಕ್ಷೇತ್ರರಕ್ಷಕರು ಎರಡರಲ್ಲಿಯೂ ಇರುವುದು ನಿಜ. ಆದರೆ ಈ ಹೋಲಿಕೆಯನ್ನು ನಂಬಿಕೊಂಡು ಆ ಆಟವನ್ನು ನೋಡಲು ಕುಳಿತವನಿಗೆ ಸ್ವಲ್ಪ ಹೊತ್ತಿನಲ್ಲಿಯೇ ಬೇಸರ ಬರುತ್ತದೆ. ನನಗೂ ಮೊದಲು ಹಾಗೆಯೇ ಆಗಿತ್ತು. ದಾಂಡಿಗರು ಒಬ್ಬರ ಹಿಂದೊಬ್ಬರು ಬರುತ್ತಾರೆ, ಹೋಗುತ್ತಾರೆ. ಎರಡು ಮೂರು ಗಂಟೆಗಳಾದ ಮೇಲೆ ನೋಡಿದರೆ ಎರಡು ರನ್ನಿಗೆ ಒಂದು ರನ್. ಇಷ್ಟಕ್ಕೆ ಜನ ಯಾಕೆ ಹುಚ್ಚರಾಗುತ್ತಾರೆ ಎನಿಸುತ್ತಿತ್ತು. ದಾಂಡಿಗನ ಮೇಲಿನ ಕಣ್ಣನ್ನು ತೆಗೆದು ಎಸೆಗಾರನ ಮೇಲೆ ಇಟ್ಟ ದಿನದಿಂದ ಆಟ ನನಗೆ ತಿಳಿಯತೊಡಗಿತು. ಎಸೆಗಾರರಿಂದಲೇ ಒಂದು ತಂಡ ವರ್ಷವಿಡೀ ಹೇಗೆ ಬದುಕಬಲ್ಲುದು ಎಂಬುದಕ್ಕೆ 1965ರ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಮೊದಲು ಆಟದ ಕ್ರಮವನ್ನು ಒಂದಿಷ್ಟು ಹೇಳಬೇಕು. ಕ್ರಿಕೆಟ್ಟಿನಲ್ಲಿ ಬೌಲರನು ಆರು ಚೆಂಡು ಹಾಕಿ ವಿಶ್ರಾಂತಿಗೆ ಬೌಂಡರಿಯ ಕಡೆ ಹೋಗಿ ನಿಲ್ಲುತ್ತಾನೆ. ಬೇಸ್‌ಬಾಲಿನಲ್ಲಿ ಓವರುಗಳಿಲ್ಲ, ಇನ್ನೊಂದು ತುದಿಯೂ ಇಲ್ಲ. ತನ್ನ ಪಕ್ಷ ಕ್ಷೇತ್ರದಲ್ಲಿರುವಷ್ಟು ಹೊತ್ತೂ ಒಬ್ಬನೇ ಎಸೆಯುತ್ತಾನೆ. ದಾಂಡಿಗನಿಂದ 60 ಅಡಿ 6 ಅಂಗುಲ ದೂರದಲ್ಲಿ, ನಡುವೆ ದಿಬ್ಬದಂತೆ ಎತ್ತರಿಸಿದ ಮಣ್ಣಿನ ಮೇಲೆ ನಿಂತು, ಚೆಂಡು ನೆಲಕ್ಕೆ ತಾಗದಂತೆ ನೇರವಾಗಿ ಎಸೆಯಬೇಕು. ಸರಿಯಾದ ಚೆಂಡನ್ನು ಮೂರು ಸಲ ಹೊಡೆಯಲಾರದೆ ಹೋದ ದಾಂಡಿಗ ಔಟು. ಎಸೆಗಾರನೇ ನಾಲ್ಕು ಸಲ ಗುರಿ ತಪ್ಪಿದರೆ ದಾಂಡಿಗನಿಗೆ ಮೊದಲನೆಯ ನೆಲೆ ಪುಕ್ಕಟೆ. ಮೂವರು ಔಟಾದರೆ ಸರದಿ ಬದಲು. ಇಂಥ ಒಂಬತ್ತು ಇನ್ನಿಂಗ್ಸುಗಳು ಒಂದು ಪಂದ್ಯ. ಪೂರ್ತಿ ಪಂದ್ಯವನ್ನು ಎಸೆದವನು ನೂರಕ್ಕೂ ಮಿಕ್ಕಿದ ಚೆಂಡುಗಳನ್ನು ಮೈಯ ಸಮಸ್ತ ಬಲವನ್ನೂ ಹಾಕಿ ಎಸೆದಿರುತ್ತಾನೆ. ಮರುದಿನ ಅವನ ತೋಳು ಯಾವ ಕೆಲಸಕ್ಕೂ ಬಾರದು. ಮೂರು ದಿನವಾದರೂ ಬಿಡುವು ಬೇಕು. ಆದ್ದರಿಂದಲೇ ಪ್ರತಿ ತಂಡವೂ ಸರದಿಯ ಮೇಲೆ ಎಸೆಯುವ ನಾಲ್ಕಾರು ಮಂದಿಯನ್ನೂ, ಅವರು ದಣಿದಾಗ ನಡುವೆ ಬಂದು ಕೈಗೊಡುವ ಕೆಲವರನ್ನೂ ಇಟ್ಟುಕೊಂಡಿರುತ್ತದೆ. ವರ್ಷಕ್ಕೆ 162 ಪಂದ್ಯಗಳನ್ನು ಆಡಬೇಕಾದ್ದರಿಂದ ಇವರ ಬಲಾಬಲದ ಮೇಲೆಯೇ ತಂಡದ ವರ್ಷಫಲ ನಿಂತಿರುತ್ತದೆ.

ಡಾಡ್ಜರ್ಸ್ ತಂಡವು ಹಿಂದೆ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿದ್ದು 1958ರಲ್ಲಿ ಲಾಸ್ ಏಂಜಲೀಸಿಗೆ ಬಂದದ್ದು. 1965ರಲ್ಲಿ ಅದರ ದಾಂಡಿಗರ ಸ್ಥಿತಿಯನ್ನು ನೋಡಿದರೆ ಕನಿಕರ ಬರುತ್ತದೆ. ಇಡೀ ವರ್ಷದಲ್ಲಿ ಆ ತಂಡ ಹೊಡೆದ ಹೋಮ್ ರನ್ನುಗಳು 78 ಮಾತ್ರ. ಎರಡೂ ಲೀಗುಗಳ ಯಾವ ತಂಡವೂ ಅಷ್ಟು ಕಡಿಮೆ ಹೊಡೆಯಲಿಲ್ಲ. ತಂಡದಲ್ಲಿ ಅತಿ ಹೆಚ್ಚು ಹೊಡೆದವರ ಲೆಕ್ಕವೂ ತಲಾ 12ರಷ್ಟೇ. ಫ್ರಾಂಕ್ ಹೊವಾರ್ಡ್ ಎಂಬ ಭೀಮಕಾಯದ ಹೊಡೆತಗಾರನನ್ನು ಹಿಂದಿನ ಡಿಸೆಂಬರಿನಲ್ಲಿಯೇ ವಾಷಿಂಗ್ಟನ್ ತಂಡಕ್ಕೆ ಬಿಟ್ಟುಕೊಟ್ಟಿದ್ದರು. ಒಳ್ಳೆಯ ದಾಂಡಿಗನಾಗಿದ್ದ ಟಾಮಿ ಡೇವಿಸ್ ಮೇ 1ರಂದು ಕಾಲಿನ ಕೀಲು ಮುರಿದುಕೊಂಡು ಮೂಲೆ ಸೇರಿದನು. ಅವನ ಜಾಗಕ್ಕೆ ಬಹುಕಾಲ ಸಣ್ಣ ಲೀಗುಗಳಲ್ಲಿ ಅಲೆದಿದ್ದ ಲೂ ಜಾನ್ಸನ್ ಎಂಬುವನನ್ನು ಕರೆತಂದರು. ಉಳಿದಂತೆ ಅವರ ಬಂಡವಾಳವೆಂದರೆ ಮೌರಿ ವಿಲ್ಸನ ಕಾಲುಗಳು. ಎಸೆಗಾರನ ಕಣ್ಣು ತಪ್ಪಿಸಿ ಮುಂದಿನ ನೆಲೆಗೆ ಓಡಿಬಿಡುವುದನ್ನು ಆ ಆಟದಲ್ಲಿ ನೆಲೆ ಕದಿಯುವುದು ಎನ್ನುತ್ತಾರೆ. ವಿಲ್ಸ್ ಆ ವರ್ಷ 94 ಕಳ್ಳತನ ಮಾಡಿದನು. ಹೀಗೆ ಕಾಸಿಗೆ ಕಾಸು ಕೂಡಿಸಿದಂತೆ ರನ್ ಕೂಡಿಸುವ ತಂಡಕ್ಕೆ, ಎದುರಾಳಿಗೆ ಏನನ್ನೂ ಕೊಡದ ಎಸೆಗಾರರಿರಬೇಕು.

ಅಂಥವರು ಮೂವರಿದ್ದರು. ಹೊವಾರ್ಡನಿಗೆ ಬದಲಾಗಿ ಬಂದವರಲ್ಲಿ ಒಬ್ಬನು ಕ್ಲಾಡ್ ಆಸ್ಟೀನ್, ಎಡಗೈಯವನು. ಒಂಬತ್ತು ಇನ್ನಿಂಗ್ಸಿಗೆ ಎಸೆಗಾರನೊಬ್ಬನು, ಕ್ಷೇತ್ರರಕ್ಷಕರ ತಪ್ಪಿನಿಂದ ಬಂದವುಗಳನ್ನು ಬಿಟ್ಟು, ಸರಾಸರಿ ಎಷ್ಟು ರನ್ ಕೊಟ್ಟನೆಂಬುದೇ ಅವನ ಯೋಗ್ಯತೆಯ ಮುಖ್ಯ ಅಳತೆ. ಆಸ್ಟೀನನ ಸರಾಸರಿ 2.79. ಇದು ಬಹಳ ಉತ್ತಮವಾದ ಅಂಕಿ. ಆದರೂ ಅವನ ವರ್ಷದ ಲೆಕ್ಕ 15 ಗೆಲುವು, 15 ಸೋಲು. ತನ್ನ ದಾಂಡಿಗರು ಹೊಡೆಯದಿದ್ದರೆ ಪಾಪ, ಅವನೇನು ಮಾಡಿಯಾನು?

ಎರಡನೆಯವನು ಡಾನ್ ಡ್ರೈಸ್‌ಡೇಲ್. ಆರೂವರೆ ಅಡಿಯ ಹತ್ತಿರದ ಬಲಗೈ ಆಳು; ತೋಳನ್ನು ಪಕ್ಕಕ್ಕೆ ಚಾಚಿ ಬೀಸುವನು. ದಾಂಡಿಗನು ಸ್ವಲ್ಪ ಮುಂದೆ ಬಾಗಿದರೆ ಚೆಂಡನ್ನು ಅವನ ಪಕ್ಕೆಲುಬಿಗೇ ಕಳುಹಿಸಲು ಹಿಂದೆಮುಂದೆ ನೋಡುವವನಲ್ಲ. ಇದನ್ನು ನಾನು ಗುಣವೆಂದು ಹೇಳುತ್ತಿಲ್ಲ. ಆದರೆ 1965ರಲ್ಲಿ 23 ಗೆದ್ದು 12 ಸೋತನು, ಸರಾಸರಿ 2.77. ಇನ್ನೂ ತಮಾಷೆಯೆಂದರೆ, ಎಸೆಗಾರರು ದಾಂಡು ಹಿಡಿದಾಗ ಪ್ರೇಕ್ಷಕರು ಕಾಫಿಗೆ ಏಳುವುದು ವಾಡಿಕೆಯಾಗಿದ್ದ ಆ ಕಾಲದಲ್ಲಿ, ಈತನು 7 ಹೋಮ್ ರನ್ ಹೊಡೆದು ದಾಂಡಿಗತನದಲ್ಲಿ .300 ಸರಾಸರಿ ಮಾಡಿದನು. ತಂಡದ ಖಾಯಂ ದಾಂಡಿಗರಲ್ಲಿ ಒಬ್ಬನೂ ಅಷ್ಟು ಮಾಡಲಿಲ್ಲ!

ಮೂರನೆಯವನು ಸ್ಯಾಂಡಿ ಕೋಫ್ಯಾಕ್ಸ್. ಬ್ರೂಕ್ಲಿನ್ನಿನ ಯೆಹೂದಿ ಕುಟುಂಬದ ಹುಡುಗ, ಎಡಗೈಯವನು. 1955ರಲ್ಲಿ ತಂಡ ಸೇರಿದಾಗ ಇವನ ಚೆಂಡಿಗೆ ವೇಗವಿತ್ತು, ಗುರಿಯಿರಲಿಲ್ಲ. ಮೊದಲ ಆರು ವರ್ಷಗಳಲ್ಲಿ 36 ಗೆಲುವು, 40 ಸೋಲು. ನಮ್ಮಲ್ಲಿಯಾದರೆ ಇಂಥವನನ್ನು ಎರಡನೆಯ ವರ್ಷಕ್ಕೇ ಮನೆಗೆ ಕಳುಹಿಸುತ್ತಿದ್ದರು. 1961ರ ವಸಂತದ ಅಭ್ಯಾಸದಲ್ಲಿ ಜೊತೆಯ ಕ್ಯಾಚರ್ ನಾರ್ಮ್ ಷೆರ್ರಿ, ಅಷ್ಟು ಬಿರುಸಾಗಿ ಎಸೆಯಬೇಡ, ಸ್ವಲ್ಪ ಸಡಿಲಬಿಡು ಎಂದು ಹೇಳಿದನಂತೆ. ಬಿಗಿ ಬಿಟ್ಟ ಮೇಲೆ ಗುರಿ ಬಂತು. ವಿಚಿತ್ರವೆಂದರೆ ವೇಗವೂ ಕಡಿಮೆಯಾಗಲಿಲ್ಲ. ಆ ವರ್ಷವೇ 18 ಪಂದ್ಯ ಗೆದ್ದನು.

1965ರಲ್ಲಿ ಕೋಫ್ಯಾಕ್ಸನ ಸಾಧನೆ: 26 ಗೆಲುವು, 8 ಸೋಲು; ಸರಾಸರಿ 2.04; 382 ದಾಂಡಿಗರನ್ನು ಚೆಂಡು ತಾಗಿಸಲೂ ಬಿಡದೆ ಸ್ಟ್ರೈಕ್‌ಔಟ್ ಮಾಡಿದನು. ಇದು ಆಗ ಆ ಶತಮಾನದ ದಾಖಲೆ. 1973ರಲ್ಲಿ ನೋಲನ್ ರಯಾನ್ ಇದನ್ನು ಒಂದೇ ಒಂದರಿಂದ ಮೀರಿದನು. ಸೆಪ್ಟೆಂಬರ್ 9ರ ರಾತ್ರಿ ಷಿಕಾಗೊ ಕಬ್ಸ್ ತಂಡದ ವಿರುದ್ಧ 27 ಮಂದಿ ಬಂದರು, 27 ಮಂದಿಯೂ ಔಟಾದರು. ಒಬ್ಬನೂ ಮೊದಲನೆಯ ನೆಲೆ ಮುಟ್ಟಲಿಲ್ಲ. ಇದಕ್ಕೆ ಪರಿಪೂರ್ಣ ಪಂದ್ಯವೆಂದು ಹೆಸರು. ಆದರೆ ಆ ರಾತ್ರಿ ನನ್ನ ಮನಸ್ಸು ಎದುರಾಳಿಯ ಎಸೆಗಾರ ಬಾಬ್ ಹೆಂಡ್ಲಿಯ ಕಡೆಗೇ ಹೋಗುತ್ತದೆ. ಅವನು ಇಡೀ ಪಂದ್ಯದಲ್ಲಿ ಕೊಟ್ಟದ್ದು ಒಂದೇ ಹೊಡೆತ. ಅದರಿಂದ ರನ್ನೂ ಬರಲಿಲ್ಲ. ಐದನೆಯ ಇನ್ನಿಂಗ್ಸಿನಲ್ಲಿ ಲೂ ಜಾನ್ಸನ್ ಪುಕ್ಕಟೆಯಾಗಿ ಮೊದಲ ನೆಲೆಗೆ ಹೋದನು. ಮುಂದಿನವನು ಚೆಂಡನ್ನು ಮೆಲ್ಲಗೆ ತಟ್ಟಿ ತಾನು ಔಟಾಗಿ ಇವನನ್ನು ಎರಡನೆಯದಕ್ಕೆ ಸಾಗಿಸಿದನು. ಮೂರನೆಯದನ್ನು ಜಾನ್ಸನ್ ಕದ್ದನು. ಅವನನ್ನು ಹಿಡಿಯಲು ಕ್ಯಾಚರ್ ಎಸೆದ ಚೆಂಡು ದಾರಿ ತಪ್ಪಿತು. ಜಾನ್ಸನ್ ಎದ್ದು ಮನೆ ಸೇರಿದನು. ಡಾಡ್ಜರ್ಸ್ 1, ಕಬ್ಸ್ 0. ಆ ತಂಡದ ವರ್ಷವೆಲ್ಲವೂ ಈ ಒಂದು ರನ್ನಿನಲ್ಲಿ ಅಡಗಿದೆ ಎನ್ನಬಹುದು.

ಈ ಮೂವರೇ 162ರಲ್ಲಿ 123 ಪಂದ್ಯಗಳನ್ನು ಆರಂಭಿಸಿದರು. ನಾಲ್ಕನೆಯವನಾದ ಜಾನಿ ಪಾಡ್ರೆಸ್ 1955ರಲ್ಲಿ ಬ್ರೂಕ್ಲಿನ್ನಿಗೆ ವಿಶ್ವಸರಣಿಯ ಕೊನೆಯ ಪಂದ್ಯವನ್ನು 2-0ರಿಂದ ಗೆದ್ದುಕೊಟ್ಟ ವೀರ. ಈಗ ಅವನ ದಿನಗಳು ಇಳಿಮುಖವಾಗಿದ್ದವು. ನಡುವೆ ಬಂದು ಉಳಿಸುವ ಕೆಲಸ ರಾನ್ ಪೆರನೋಸ್ಕಿ ಮೊದಲಾದವರದು. ಕ್ರೀಡಾಂಗಣವೂ ಎಸೆಗಾರರ ಪಕ್ಷವೇ ಆಗಿತ್ತು: ಡಾಡ್ಜರ್ ಸ್ಟೇಡಿಯಂನಲ್ಲಿ ಹೊಡೆದ ಚೆಂಡು ಸುಲಭವಾಗಿ ಬೇಲಿ ದಾಟುತ್ತಿರಲಿಲ್ಲ. ಎಸೆಯುವ ದಿಬ್ಬಕ್ಕೆ ಆಗ 15 ಅಂಗುಲ ಎತ್ತರವಿತ್ತು. 1969ರಲ್ಲಿ ಅದನ್ನು 10ಕ್ಕೆ ಇಳಿಸಿದರು.

ಸೆಪ್ಟೆಂಬರ್ ನಡುವಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜಯಂಟ್ಸ್ ತಂಡವು ಒಂದೇ ಸಮನೆ 14 ಪಂದ್ಯ ಗೆದ್ದು ನಾಲ್ಕೂವರೆ ಪಂದ್ಯಗಳಷ್ಟು ಮುಂದೆ ಹೋಗಿತ್ತು. ಆಮೇಲೆ ಡಾಡ್ಜರ್ಸ್ ಸತತವಾಗಿ 13 ಗೆದ್ದರು. ಅಕ್ಟೋಬರ್ 2ರಂದು ಮಿಲ್ವಾಕಿಯ ವಿರುದ್ಧ ಕೋಫ್ಯಾಕ್ಸ್ ಎಸೆದು ಗೆದ್ದಾಗ ಲೀಗಿನ ಪ್ರಶಸ್ತಿ ಖಚಿತವಾಯಿತು. ಕೊನೆಯ ಲೆಕ್ಕ 97 ಗೆಲುವು, 65 ಸೋಲು; ಜಯಂಟ್ಸ್‌ಗಿಂತ ಎರಡೇ ಹೆಚ್ಚು. ಆಗಸ್ಟ್ 22ರಂದು ಜಯಂಟ್ಸ್‌ನ ಹಿರಿಯ ಎಸೆಗಾರ ಹ್ವಾನ್ ಮರಿಚಲ್ ಕೋಪದಲ್ಲಿ ಡಾಡ್ಜರ್ಸ್ ಕ್ಯಾಚರ್ ಜಾನ್ ರೋಸ್‌ಬರೋನ ತಲೆಗೆ ದಾಂಡಿನಿಂದ ಹೊಡೆದು ಎಂಟು ದಿನಗಳ ನಿಷೇಧಕ್ಕೆ ಗುರಿಯಾಗಿದ್ದನು. ಆ ಒಂದು ಕ್ಷಣದ ಕೋಪವೇ ಅವನ ತಂಡಕ್ಕೆ ಪ್ರಶಸ್ತಿಯನ್ನು ತಪ್ಪಿಸಿತೆಂದು ನನಗೆ ತೋರುತ್ತದೆ.

ವಿಶ್ವಸರಣಿಯಲ್ಲಿ ಎದುರಾಳಿ ಮಿನ್ನೆಸೋಟ ಟ್ವಿನ್ಸ್. ಅಕ್ಟೋಬರ್ 6ರ ಮೊದಲ ಪಂದ್ಯದ ದಿನ ಯೆಹೂದಿಗಳ ಯೋಮ್ ಕಿಪ್ಪುರ್ ಎಂಬ ಉಪವಾಸದ ಪರ್ವ, ಕೋಫ್ಯಾಕ್ಸ್ ಎಸೆಯಲಿಲ್ಲ. ಡ್ರೈಸ್‌ಡೇಲ್ ಎಸೆದು 8-2ರಿಂದ ಸೋತನು. ಮರುದಿನ ಕೋಫ್ಯಾಕ್ಸನೂ ಸೋತನು. ಲಾಸ್ ಏಂಜಲೀಸಿಗೆ ಬಂದ ಮೇಲೆ ಆಸ್ಟೀನ್ ಒಂದು ರನ್ನೂ ಕೊಡದೆ 4-0ರಿಂದ ಗೆದ್ದನು. ವರ್ಷವಿಡೀ ದುರದೃಷ್ಟವನ್ನುಂಡವನು ತಂಡವನ್ನು ಎತ್ತಿ ನಿಲ್ಲಿಸಿದ್ದು ಹೀಗೆ. ಮುಂದಿನ ಎರಡೂ ಡಾಡ್ಜರ್ಸ್‌ಗೆ, ಆರನೆಯದು ಟ್ವಿನ್ಸ್‌ಗೆ. ಏಳನೆಯದಕ್ಕೆ ಯಾರು? ಸರದಿ ಡ್ರೈಸ್‌ಡೇಲನದು, ಮೂರು ದಿನ ವಿಶ್ರಾಂತಿ ಪಡೆದಿದ್ದನು. ಮೇಲ್ವಿಚಾರಕ ವಾಲ್ಟರ್ ಆಲ್‌ಸ್ಟನ್ ಎರಡೇ ದಿನ ವಿಶ್ರಾಂತಿ ಪಡೆದ ಕೋಫ್ಯಾಕ್ಸನನ್ನು ಆರಿಸಿದನು. ಅವನ ತಿರುವು ಚೆಂಡು ಅಂದು ಕೈಕೊಟ್ಟಿತು. ಹೆಚ್ಚುಕಡಿಮೆ ವೇಗದ ಚೆಂಡೊಂದನ್ನೇ ನೆಚ್ಚಿಕೊಂಡು ಒಂಬತ್ತು ಇನ್ನಿಂಗ್ಸು ನಡೆಸಿದನು. ನಾಲ್ಕನೆಯದರಲ್ಲಿ ಜಾನ್ಸನ್ ಹೋಮ್ ರನ್ ಹೊಡೆದನು. ಐದನೆಯದರಲ್ಲಿ ಎದುರಾಳಿಯ ಇಬ್ಬರು ನೆಲೆಗಳಲ್ಲಿದ್ದಾಗ ಮೂರನೆಯ ನೆಲೆಯ ಪಕ್ಕದಲ್ಲಿ ನುಗ್ಗಿದ ಚೆಂಡನ್ನು ಜಿಮ್ ಗಿಲಿಯಂ ಅಡ್ಡಬಿದ್ದು ತಡೆಯದಿದ್ದರೆ ಕಥೆ ಬೇರೆಯಾಗುತ್ತಿತ್ತು. ಕೊನೆಯ ಇಬ್ಬರನ್ನೂ ಸ್ಟ್ರೈಕ್‌ಔಟ್ ಮಾಡಿ ಕೋಫ್ಯಾಕ್ಸ್ 2-0ರಿಂದ ಪಂದ್ಯವನ್ನೂ ಸರಣಿಯನ್ನೂ ಮುಗಿಸಿದನು.

ಇಲ್ಲಿಗೆ ನಿಲ್ಲಿಸಿದರೆ ಇದು ಬರಿಯ ಜಯಗಾಥೆ. ಆದರೆ ಆ ತೋಳಿನ ಸಂಗತಿಯನ್ನು ಹೇಳದಿರಲಾಗದು. 1965ರ ಮಾರ್ಚ್ ಕೊನೆಯಲ್ಲಿ, ಅಭ್ಯಾಸದ ಒಂದು ಪಂದ್ಯವನ್ನು ಎಸೆದ ಮರುಬೆಳಗ್ಗೆ ಕೋಫ್ಯಾಕ್ಸ್ ಎದ್ದು ನೋಡಿದರೆ ಎಡತೋಳು ರಕ್ತ ಹೆಪ್ಪುಗಟ್ಟಿ ಕಪ್ಪುನೀಲಿಯಾಗಿತ್ತು. ತಂಡದ ವೈದ್ಯ ರಾಬರ್ಟ್ ಕೆರ್ಲಾನ್ ಮೊಣಕೈ ಕೀಲು ಸವೆಯುತ್ತಿದೆ ಎಂದನು. ವಾರಕ್ಕೊಮ್ಮೆ ಮಾತ್ರ ಎಸೆಯಲಿ ಎಂದು ಮೊದಲು ಮಾತಾಯಿತು. ಆ ಮಾತು ನಡೆಯಲಿಲ್ಲ. ಆ ವರ್ಷ ಅವನು 335 ಇನ್ನಿಂಗ್ಸುಗಳಿಗೂ ಹೆಚ್ಚು ಎಸೆದನು. ಪಂದ್ಯಕ್ಕೆ ಮೊದಲು ಮೆಣಸಿನಕಾಯಿಯ ಸತ್ವದಿಂದ ಮಾಡಿದ ಉರಿಯುವ ಮುಲಾಮನ್ನು ತೋಳಿಗೆ ತಿಕ್ಕಿಸಿಕೊಳ್ಳುವುದು; ಪಂದ್ಯವಾದ ಮೇಲೆ ಮಂಜುಗಡ್ಡೆಯ ನೀರಿನಲ್ಲಿ ಮೊಣಕೈ ಅದ್ದಿಕೊಂಡು ಕೂಡುವುದು; ಆಗಾಗ ಕೀಲಿಗೆ ಕಾರ್ಟಿಸೋನ್ ಚುಚ್ಚುಮದ್ದು. ನನ್ನ ತಂದೆ ಮೂಟೆ ಹೊರುವ ಕೆಲಸದವರು. ಸಂಜೆ ಅವರ ಭುಜಕ್ಕೆ ಬಿಸಿ ಎಣ್ಣೆ ತಿಕ್ಕಿದ ಕೈ ನನ್ನದು. ಆದ್ದರಿಂದ ಈ ಮುಲಾಮಿನ ವಿಷಯ ಓದಿದಾಗ ಉಳಿದ ಅಂಕಿಗಳೆಲ್ಲ ಸ್ವಲ್ಪ ಹೊತ್ತು ಮರೆತುಹೋದವು.

ಆ ವರ್ಷ ಡಾಡ್ಜರ್ಸ್ ಪಂದ್ಯಗಳಿಗೆ 25 ಲಕ್ಷಕ್ಕೂ ಮಿಕ್ಕಿ ಪ್ರೇಕ್ಷಕರು ಬಂದಿದ್ದರು. ಆಟಗಾರನಾದರೋ ತನ್ನ ತಂಡವನ್ನು ಬಿಟ್ಟು ಬೇರೆಡೆಗೆ ಹೋಗುವಂತಿರಲಿಲ್ಲ. ಕರಾರು ಅವನನ್ನು ಒಡೆಯರಿಗೆ ಕಟ್ಟಿಹಾಕಿತ್ತು. 1966ರ ವಸಂತದಲ್ಲಿ ಕೋಫ್ಯಾಕ್ಸ್ ಮತ್ತು ಡ್ರೈಸ್‌ಡೇಲ್ ಇಬ್ಬರೂ ಒಂದಾಗಿ, ನಮಗಿಬ್ಬರಿಗೂ ನ್ಯಾಯವಾದ ಸಂಬಳ ಕೊಡುವವರೆಗೆ ಅಭ್ಯಾಸಕ್ಕೆ ಬರುವುದಿಲ್ಲವೆಂದು ಕುಳಿತರು. ಒಬ್ಬನ ಎದುರಿಗೆ ಇನ್ನೊಬ್ಬನ ಸಂಬಳ ತೋರಿಸಿ ಇಬ್ಬರನ್ನೂ ಇಳಿಸುವ ಉಪಾಯಕ್ಕೆ ಇದೇ ತಕ್ಕ ಮದ್ದು. ಒಂದು ತಿಂಗಳ ಮೇಲೆ ರಾಜಿಯಾಯಿತು: ಕೋಫ್ಯಾಕ್ಸನಿಗೆ 1,25,000 ಡಾಲರು, ಡ್ರೈಸ್‌ಡೇಲನಿಗೆ 1,10,000. ಆಟಗಾರರನ್ನು ಕಟ್ಟಿಹಾಕಿದ್ದ ಆ ಕರಾರಿನ ನಿಯಮ ಮುರಿದುಬಿದ್ದದ್ದು 1975ರಲ್ಲಿ. ಅದಕ್ಕಾಗಿ ಹೋರಾಡಿದ ಇಬ್ಬರೂ ಎಸೆಗಾರರೇ. ಅವರಲ್ಲಿ ಒಬ್ಬನು ಆ್ಯಂಡಿ ಮೆಸರ್‌ಸ್ಮಿತ್, ಅದೇ ಡಾಡ್ಜರ್ಸ್ ತಂಡದವನು.

1966ರಲ್ಲಿ ಕೋಫ್ಯಾಕ್ಸ್ 27 ಗೆದ್ದನು, ಸರಾಸರಿ 1.73. ತಂಡ ಮತ್ತೆ ವಿಶ್ವಸರಣಿಗೆ ಹೋಗಿ ಬಾಲ್ಟಿಮೋರಿಗೆ 4-0ರಿಂದ ಸೋತಿತು. ನವೆಂಬರ್ 18ರಂದು ಪತ್ರಕರ್ತರನ್ನು ಕರೆದು, ಬೇಸ್‌ಬಾಲಿನ ನಂತರವೂ ತನಗೆ ಬಹಳ ವರ್ಷಗಳ ಬಾಳು ಇದೆ, ಆ ವರ್ಷಗಳಲ್ಲಿ ಮೈಯೆಲ್ಲ ಸರಿಯಾಗಿರಬೇಕೆಂದು ಆಸೆ ಎಂಬರ್ಥದ ಮಾತು ಹೇಳಿ ಆಟವನ್ನು ಬಿಟ್ಟನು. ಆಗ ಅವನ ವಯಸ್ಸು 30. ಆ ಚಳಿಗಾಲದಲ್ಲಿಯೇ ಮೌರಿ ವಿಲ್ಸನನ್ನು ತಂಡವು ಪಿಟ್ಸ್‌ಬರ್ಗಿಗೆ ಕೊಟ್ಟಿತು. 1967ರಲ್ಲಿ ಡಾಡ್ಜರ್ಸ್ 73 ಗೆದ್ದು 89 ಸೋತು, ಹತ್ತು ತಂಡಗಳ ಲೀಗಿನಲ್ಲಿ ಎಂಟನೆಯ ಸ್ಥಾನಕ್ಕೆ ಇಳಿದರು.